ಉಡಿ ತುಂಬಿಕೊಂಡು ಓಡಿದ ಐದು ಕಿಲೋಮೀಟರ್

ಟಕಟಕ, ಟಕಟಕ ಎಂದು ಮರದ ಮಣಿಗಳು ಒಂದಕ್ಕೊಂದು ತಾಗುವ ಸದ್ದು. ಬೆಳಗಾವಿಯ ಕಾನ್ವೆಂಟಿನ ಉದ್ದನೆಯ ವರಾಂಡದಲ್ಲಿ ಅದು ಕೇಳಿಸಿತೆಂದರೆ ಓಡುತ್ತಿದ್ದ ನಾವೆಲ್ಲ ಗಕ್ಕನೆ ನಿಂತು, ಹುಟ್ಟಿದಂದಿನಿಂದ ನಡೆದೇ ಬಂದವರಂತೆ ನಡೆಯತೊಡಗುತ್ತಿದ್ದೆವು. ಅದು ಸಿಸ್ಟರ್ ಆಗ್ನೆಸ್ ಅವರ ಸೊಂಟದ ಜಪಮಾಲೆ. ಅದರ ಹಿಂದೆ ಅವರು, ಅವರ ಹಿಂದೆ ಅವರ ಮಾತು: “ಗರ್ಲ್ಸ್, ಲೇಡೀಸ್ ಡು ನಾಟ್ ರನ್.” ಕಿತ್ತೂರಿನ ಹತ್ತಿರದ ದೇಗಾಂವದ ಒಕ್ಕಲುತನದ ಮನೆಯಿಂದ ಬಂದು ಆ ಹಾಸ್ಟೆಲ್ಲಿನಲ್ಲಿ ಒಂಬತ್ತು ವರ್ಷ ಇದ್ದೆ. ಇಂಗ್ಲಿಷ್ ಬಂತು, ಫೋರ್ಕಿನಲ್ಲಿ ತಿನ್ನಲು ಬಂತು, ಓಡುವುದು ಮರೆತುಹೋಯಿತು. ಆಮೇಲೆ ಬೈಲಹೊಂಗಲದ ಅರಳೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದೆ. ಅಲ್ಲಿ ಜಪಮಾಲೆ ಇರಲಿಲ್ಲ, ಅತ್ತೆಯ ಕೆಮ್ಮು ಇತ್ತು. “ಅಂಗಳದಾಗ ದಡಾದಡಾ ಓಡ್ಯಾಡಬ್ಯಾಡವಾ, ಮಂದಿ ಏನಂದಾರು?” ಸಿಸ್ಟರ್ ಆಗ್ನೆಸ್ ಮತ್ತು ನನ್ನ ಅತ್ತೆ ಒಬ್ಬರನ್ನೊಬ್ಬರು ನೋಡಿದವರಲ್ಲ. ಆದರೆ ನನ್ನ ಕಾಲುಗಳ ವಿಷಯದಲ್ಲಿ ಇಬ್ಬರದೂ ಒಂದೇ ಮತ.

ಇಂಥ ನಾನು ಎಪ್ಪತ್ತೆರಡನೇ ವಯಸ್ಸಿನಲ್ಲಿ ಮ್ಯಾರಥಾನ್ ಓಡಿದೆ. ಓಡಿದೆ ಎಂಬ ಮಾತನ್ನು ಓದುಗರು ಸ್ವಲ್ಪ ಧಾರಾಳ ಮನಸ್ಸಿನಿಂದ ತೆಗೆದುಕೊಳ್ಳಬೇಕು. ಮ್ಯಾರಥಾನ್ ಎಂಬುದನ್ನೂ. ನಿಜವಾದ ಮ್ಯಾರಥಾನ್ ಎಂದರೆ ನಲವತ್ತೆರಡು ಕಿಲೋಮೀಟರ್ ಎಂದು ನನಗೂ ಗೊತ್ತು. ನಮ್ಮೂರಲ್ಲಿ ಇದೇ ಮೊದಲ ಸಲ ಏರ್ಪಾಡಾದದ್ದು ಇಪ್ಪತ್ತೊಂದು, ಹತ್ತು ಮತ್ತು ಐದು ಕಿಲೋಮೀಟರಿನ ಓಟಗಳು. ಆದರೆ ಮೈಕ್ ಕಟ್ಟಿಕೊಂಡ ಆಟೋ ಓಣಿ ಓಣಿ ತಿರುಗಿ “ಮ್ಯಾರಥಾನ್, ಮ್ಯಾರಥಾನ್” ಎಂದು ಕೂಗಿದ ಮೇಲೆ ಐದು ಕಿಲೋಮೀಟರೂ ಮ್ಯಾರಥಾನೇ. ಡಾಕ್ಟರು ನನ್ನ ಶುಗರ್ ನೋಡಿ ದಿನಾ ನಡೆಯಿರಿ ಎಂದಿದ್ದರು. ನಡೆಯುವುದರಲ್ಲಿ ನನಗೆ ಅರವತ್ತು ವರ್ಷದ ಸರ್ವಿಸ್ ಇದೆ. ಅದಕ್ಕೇ ಹಟ ಹುಟ್ಟಿತೋ ಏನೋ, ಫಾರ್ಮ್ ಕೊಡುತ್ತಿದ್ದ ಅಂಗಡಿಗೆ ಹೋಗಿ ಒಂದು ತಂದೆ. ಬೂಟಿನ ಅಂಗಡಿಯವನು, “ಮೊಮ್ಮಗನ ಸೈಜ್ ಎಷ್ಟ್ರಿ ಅಮ್ಮಾರ?” ಎಂದ. “ಮೊಮ್ಮಗನಿಗಲ್ಲ, ನನಗ” ಎಂದಾಗ ಅವನು ಒಳಗಿದ್ದ ಹೆಂಡತಿಯನ್ನು ಕರೆದು ತೋರಿಸಿದ.

ಬೂಟಿಗಿಂತ ದೊಡ್ಡ ಪ್ರಾಬ್ಲೆಮ್ ಎಂದರೆ ಟೀ ಶರ್ಟು. ಓಡುವವರೆಲ್ಲ ಅದನ್ನೇ ಹಾಕಿಕೊಳ್ಳಬೇಕೆಂದು ರೂಲ್. ಕೇಸರಿಯೂ ಅಲ್ಲದ ಕೆಂಪೂ ಅಲ್ಲದ ಬಣ್ಣದ್ದು, ಎದೆಯ ಮೇಲೆ ನಂಬರ್. ಮದುವೆಯಾದಾಗಿನಿಂದ ನಾನು ಸೀರೆಯಿಲ್ಲದೆ ಹೊಸ್ತಿಲು ದಾಟಿದವಳಲ್ಲ. ಆ ಬೆಳಿಗ್ಗೆ ಟ್ರ್ಯಾಕ್ ಪ್ಯಾಂಟಿನ ಮೇಲೆ ಟೀ ಶರ್ಟು, ಅದರ ಮೇಲೆ ಯಜಮಾನರ ಹಳೆಯ ಶಾಲು ಹೊದ್ದು, ಕದ್ದ ಮಾಲು ಸಾಗಿಸುವವಳಂತೆ ಗೋಡೆಯ ಪಕ್ಕದಲ್ಲೇ ಸಾಲೆಯ ಮೈದಾನಕ್ಕೆ ಹೋದೆ. ಅಲ್ಲಿ ನೋಡಿದರೆ ಇಡೀ ತಾಲೂಕೇ ನೆರೆದಿತ್ತು. ಸಂಗೊಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಹುಡುಗರು, ಕಿತ್ತೂರಿನ ಪೊಲೀಸರು, ಬ್ಯಾಂಕಿನವರು, ಸೆರಗನ್ನು ಸೊಂಟಕ್ಕೆ ಬಿಗಿದು ಅದರ ಮೇಲೆಯೇ ಟೀ ಶರ್ಟು ತೊಟ್ಟ ಅಂಗನವಾಡಿ ಟೀಚರುಗಳು. ಪಿಸ್ತೂಲಿನ ಬದಲು ಹಲಗೆ ಬಾರಿಸಿದರು. ಆ ಪೆಟ್ಟಿಗೆ ಯಾರ ಕಾಲಾದರೂ ತಾನಾಗಿ ಏಳಬೇಕು. ನನ್ನವೂ ಎದ್ದವು. ಶಾಲನ್ನು ಯಾರದೋ ಕೈಗೆ ಎಸೆದದ್ದು ಮಾತ್ರ ನೆನಪಿದೆ. ಯಾರ ಕೈಗೆ ಎಂಬುದು ಇವತ್ತಿಗೂ ಗೊತ್ತಿಲ್ಲ.

ಐದು ನಿಮಿಷದಲ್ಲಿ ಎಲ್ಲರೂ ನನ್ನನ್ನು ದಾಟಿ ಹೋದರು. ಎಲ್ಲರೂ ಎಂದೆನೇ? ಒಬ್ಬರು ಉಳಿದಿದ್ದರು. ನನ್ನಿಂದ ಹತ್ತು ಹೆಜ್ಜೆ ಮುಂದೆ, ಎಡಗಾಲನ್ನು ಸ್ವಲ್ಪ ಹೊರಗೆ ಹಾಕಿ, ಬೆನ್ನನ್ನು ಮಾತ್ರ ಧ್ವಜಸ್ತಂಭದಂತೆ ನೆಟ್ಟಗೆ ಇಟ್ಟುಕೊಂಡು ಓಡುತ್ತಿದ್ದ ಮುದುಕರು. ನಮ್ಮಿಬ್ಬರ ಹಿಂದೆ ಅಂಬ್ಯುಲೆನ್ಸ್. ಕೊನೆಯವರ ಹಿಂದೆ ಅದು ಬರಲೇಬೇಕಂತೆ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅಮ್ಮಾರ, ಹತ್ತತೀರೇನ್ರಿ? ಎಸಿ ಐತ್ರಿ ಒಳಗ” ಎಂದು ಪ್ರೀತಿಯಿಂದ ಕರೆದ. ಮುಂದಿನ ಮುದುಕರು ತಿರುಗದೆಯೇ ಗದರಿದರು: “ಏ, ಓಡೋರನ್ನ ಮಾತಾಡಸಬ್ಯಾಡ! ಬಾಯಾರ, ನೀವು ಬಾಯಿಂದ ಉಸರ್ ಬಿಡ್ರಿ, ಮೂಗಿನಿಂದ ತಗೋರಿ. ಕೈ ಮುಟಗಿ ಕಟ್ಟಬ್ಯಾಡ್ರಿ, ಹಗೂರ ಹಿಡೀರಿ.” ಬೆನ್ನ ಹಿಂದಿನವಳ ಮುಷ್ಟಿ ಇವರಿಗೆ ಹೇಗೆ ಕಂಡಿತೋ! ಮುಷ್ಟಿ ಬಿಚ್ಚಿದೆ. ಕಾಲು ಹಗುರಾಯಿತು.

ಅವರು ಈರಪ್ಪ ಮಾಸ್ತರರು. ಮೂಲ ಊರು ಮನೋಳಿ. ಸವದತ್ತಿ, ರಾಮದುರ್ಗ, ಕಿತ್ತೂರು, ಕೊನೆಗೆ ಬೈಲಹೊಂಗಲ ಎಂದು ವರ್ಗವಾಗುತ್ತ ಮೂವತ್ತನಾಲ್ಕು ವರ್ಷ ಡ್ರಿಲ್ ಮಾಸ್ತರಿಕೆ ಮಾಡಿ ರಿಟೈರ್ ಆದವರು. ಹೆಜ್ಜೆ ತಗ್ಗಿಸಿ ನನ್ನ ಬಲಗಡೆಗೆ ಬಂದು ಜೊತೆಗೆ ಓಡತೊಡಗಿದ ಮೇಲೆ ಒಂದೊಂದೇ ತಿಳಿಯಿತು. “ಮುಂದಿನ ವಾರ ಮೊಣಕಾಲಿನ ಆಪರೇಶನ್ ಐತ್ರಿ. ಆಮ್ಯಾಲ ಓಡೂದು ಬಂದ್ ಅಂದಾರ ಡಾಕ್ಟರು. ಎಷ್ಟ್ ಸಾವಿರ ಹುಡುಗರನ್ನ ಓಡಿಸೇನಿ, ನಾ ಒಮ್ಮಿನೂ ಓಡಿಲ್ರಿ. ನಾನಽ ಓಡಿದ್ರ ಗೆರಿ ಹಂತ್ಯಾಕ ನಿಂದ್ರಾವ್ರು ಯಾರು? ಇದೊಂದು ಮುಗಸಬೇಕಂತ ಮಾಡೇನಿ. ಏಳು ಗಂಟೆದೊಳಗ ಗೆರಿ ದಾಟಿದವರ ಹೆಸರು ಅಷ್ಟ ಬೋರ್ಡಿನ್ಯಾಗ ಬರಸ್ತಾರಂತ.” ಉದ್ದದ ಓಟಗಳವರು ಬೇರೆ ರಸ್ತೆ ಹಿಡಿದಿದ್ದರು, ಐದು ಕಿಲೋಮೀಟರಿನ ನಾವು ಆರಕ್ಕೆ ಹೊರಟಿದ್ದೆವು. ಏಳಕ್ಕೆ ಸರಿಯಾಗಿ ಬಸ್ಸುಗಳಿಗೆ ನಮ್ಮ ರಸ್ತೆ ಬಿಡಬೇಕಾದ್ದರಿಂದ ಅಲ್ಲಿಗೆ ಆಟ ಮುಗಿಯುತ್ತಿತ್ತು. ನನಗೆ ಬೋರ್ಡಿನ ಆಸೆ ಇರಲಿಲ್ಲ, ಮನೆಗೆ ಜೀವಂತ ಮುಟ್ಟಿದರೆ ಸಾಕಿತ್ತು. ಆದರೆ ಆ ಹೊರಗೆ ಸರಿದ ಎಡಗಾಲನ್ನು ನೋಡಿದ ಮೇಲೆ, ಗಾಡ್, ಈ ಒಬ್ಬ ಮನುಷ್ಯನ ಹೆಸರನ್ನು ಹೇಗಾದರೂ ಬರೆಸು ಎಂದುಕೊಂಡೆ.

ದೇವರು ಕೇಳಿಸಿಕೊಂಡ. ಆದರೆ ಊರ ಜನ ಅಡ್ಡ ಬಂದರು. ಸವದತ್ತಿ ರಸ್ತೆಯಲ್ಲಿ ಎರಡೂವರೆ ಕಿಲೋಮೀಟರ್ ಹೋಗಿ ಅದೇ ದಾರಿಯಲ್ಲಿ ಹಿಂತಿರುಗಬೇಕಿತ್ತು. ನಾವು ಅರ್ಧ ಹಾದಿ ಮುಟ್ಟುವ ಮೊದಲೇ ಮುಂದಿನವರು ತಿರುಗಿ ಎದುರಿಗೆ ಬರತೊಡಗಿದರು. ಎಲ್ಲರಿಗಿಂತ ಮುಂದಿದ್ದ ಕಟ್ಟುಮಸ್ತಾದ ಕಾನ್‌ಸ್ಟೆಬಲ್, ಗೆಲ್ಲುವ ಓಟ ಓಡುತ್ತಿದ್ದವನು, ನಮ್ಮನ್ನು ಕಂಡು “ಸರ್!” ಎಂದು ಬ್ರೇಕ್ ಹಾಕಿ, ಅಡ್ಡ ಬಂದು, ಬಗ್ಗಿ ಮಾಸ್ತರರ ಕಾಲು ಮುಟ್ಟಿದ. “ನಿಂದರಬ್ಯಾಡಲೇ ಮಗನ! ಟೈಮ್ ಹೋಗಾಕ ಹತ್ತೇತಿ!” ಎಂದು ಮಾಸ್ತರರು ಚೀರಿದರು. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತಿಬ್ಬರು. ನಾಲ್ಕು ಊರಿನ ಸಾಲೆಗಳಲ್ಲಿ ಬೈಸಿಕೊಂಡವರೆಲ್ಲ ಸಾಲಾಗಿ ನಿಂತು ನಮಸ್ಕಾರ ಮಾಡುವವರೇ. ಒಬ್ಬನಂತೂ, “ಸರ್, ರಾಮದುರ್ಗದಾಗ ನೀವು ನನ್ನ ಕಿವಿ ಹಿಂಡಿದ್ರಿ, ನೆನಪೈತೇನ್ರಿ?” ಎಂದು ಕಣ್ಣು ತುಂಬಿಕೊಂಡ. “ಈಗೂ ಹಿಂಡತೇನಿ, ಓಡಲೇ!” ಎಂದರು. ಇಷ್ಟು ಜನರನ್ನು ಓಡಿಸಿದ ಒಬ್ಬ ಮನುಷ್ಯ ಎಲ್ಲರಿಗಿಂತ ಹಿಂದೆ ಓಡುತ್ತಿರುವುದನ್ನು ನೋಡಿ ನನಗೆ ಎದೆ ತುಂಬಿ ಬಂತು. ಉಸಿರು ಸಾಲದಿದ್ದುದೂ ಅದಕ್ಕೆ ಕಾರಣವಿರಬಹುದು.

ಇನ್ನೂ ಅರ್ಧ ಕಿಲೋಮೀಟರ್ ಮುಂದೆ ರಸ್ತೆಗೆ ಹತ್ತಿದಂತೆ ನಾಲ್ಕಾರು ಹೊಲದ ಮನೆಗಳು. ಅದು ಜನ ತಂಡ ತಂಡವಾಗಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವ ಕಾಲ. ಹಾಗೆ ಹೋಗುವವರ ಕಾಲಿಗೆ ನೀರು ಹಾಕಿ, ಚಾ ಕೊಟ್ಟು, ಹೆಂಗಸರಿದ್ದರೆ ಉಡಿ ತುಂಬಿ ಕಳಿಸುವುದು ಆ ಮನೆಗಳವರ ಪದ್ಧತಿ. ಮುಂದೆ ಹೋದ ನೂರಾರು ಜನ ಗಾಳಿಯಂತೆ ಹೋಗಿಬಿಟ್ಟಿದ್ದರು, ಹಿಡಿಯಲು ಸಿಕ್ಕಿರಲಿಲ್ಲ. ನಾವಿಬ್ಬರು ಸಿಕ್ಕೆವು. ಕೊಡ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು, “ಬರ್ರಿ, ಬರ್ರಿ, ಗಂಡಹೆಂಡ್ತಿ ಕೂಡಿ ಗುಡ್ಡಕ್ಕ ಹೊಂಟೀರಿ, ಪುಣ್ಯವಂತ್ರು!” ಎಂದವಳೇ ನನ್ನ ಹೊಚ್ಚ ಹೊಸ ಬೂಟುಗಳ ಮೇಲೆ ತುಂಬಿದ ಕೊಡವನ್ನು ಬಗ್ಗಿಸಿದಳು. ನಾನು “ಎಕ್ಸ್‌ಕ್ಯೂಸ್ ಮಿ” ಎಂದೆ. ಬೇರೇನೂ ಹೊಳೆಯಲಿಲ್ಲ. ಅಷ್ಟರಲ್ಲಿ ಅವಳ ಸೊಸೆ ತಟ್ಟೆ ತಂದಳು. ಅಜ್ಜಿ ನನ್ನ ಬೋಳು ಹಣೆ ನೋಡಿ, “ಬೆವರಿಗಿ ಕುಂಕಮ ಎಲ್ಲಾ ಅಳಸಿ ಹೋಗೇತಿ ನೋಡು” ಎಂದು ಸೆರಗಿನಿಂದ ಒರೆಸಿ ಎಂಟಾಣೆಯಷ್ಟಗಲ ಕುಂಕುಮ ಇಟ್ಟಳು.

ನನ್ನ ಯಜಮಾನರು ಹೋಗಿ ಒಂಬತ್ತು ವರ್ಷ. ಒಂಬತ್ತು ವರ್ಷದಿಂದ ಆ ಹಣೆಯನ್ನು ಯಾರೂ ಮುಟ್ಟಿರಲಿಲ್ಲ. ಹೇಳಬೇಕಾಗಿತ್ತು. ಬಾಯಿ ತೆರೆದೆ. ಮಾಸ್ತರರೂ ತೆರೆದರು. ಆದರೆ ಹೇಳಿದರೆ ಆ ಅಜ್ಜಿ ಗಾಬರಿಯಾಗಿ, ಅತ್ತು, ಕೂಡ್ರಿಸಿ, ನನ್ನ ಕಥೆಯೆಲ್ಲ ಕೇಳಿ, ಚಾ ಕುಡಿಸದೆ ಬಿಡುವವಳಲ್ಲ. ಅಲ್ಲಿಗೆ ಏಳು ಗಂಟೆ ಖಂಡಿತ. ಟೈಮ್ ಉಳಿಸಲು ಸುಮ್ಮನಿದ್ದೆ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಮ್ಮೊಬ್ಬರಿಗೆ ಹೇಳುತ್ತೇನೆ, ಅದೊಂದೇ ಕಾರಣವಲ್ಲ. “ಸೆರಗ ಒಡ್ಡವಾ” ಎಂದಳು ಅಜ್ಜಿ. ಸೆರಗೆಲ್ಲಿದೆ? ಟೀ ಶರ್ಟಿನ ತುದಿ ಹಿಡಿದು ಮುಂದಕ್ಕೆ ಒಡ್ಡಿದೆ. ನನ್ನ ನಂಬರಿನ ಮೇಲೆಯೇ ಅಕ್ಕಿ ಬಿತ್ತು, ಉತ್ತತ್ತಿ ಬಿತ್ತು, ಎಲೆ ಅಡಿಕೆ, ಕುಪ್ಪಸದ ಹಸಿರು ಖಣ, ಎಲ್ಲದರ ಮೇಲೆ ದಪ್ಪನೆಯ ಒಂದು ತೆಂಗಿನಕಾಯಿ.

ಉಡಿ ತುಂಬಿಸಿಕೊಂಡದ್ದನ್ನು ದಾರಿಯಲ್ಲಿ ಇಳಿಸುವಂತಿಲ್ಲ, ಚೆಲ್ಲುವಂತಿಲ್ಲ. ಎರಡು ಕೈಯಿಂದ ಟೀ ಶರ್ಟು ಹಿಡಿದುಕೊಂಡು, ಬೂಟಿನೊಳಗೆ ಪಚಪಚ ನೀರು, ಹೊಟ್ಟೆಯ ಮೇಲೆ ಕುಣಿಯುವ ಕಾಯಿ, ಹೀಗೆ ಓಡುವುದನ್ನು ಜಗತ್ತಿನ ಯಾವ ಕೋಚೂ ಕಲಿಸಿಲ್ಲ. ಮಾಸ್ತರರು ಡ್ರೈವರನನ್ನು ಕೇಳಿದರು: “ಕಾಯಿ ಗಾಡ್ಯಾಗ ಇಟ್ರ ಔಟ್ ಮಾಡತಾರೇನೋ?” ಅವನು ಯೋಚಿಸಿ, “ಮನಷ್ಯಾರು ಹತ್ತಿದ್ರ ಔಟ್ ಅಂದಾರ್ರಿ. ಕಾಯಿದು ಹೇಳಿಲ್ರಿ” ಎಂದ. ರೂಲ್ ಸ್ಪಷ್ಟವಿಲ್ಲದಾಗ ಲಾಭ ತೆಗೆದುಕೊಳ್ಳಬಾರದು ಎಂದು ಮಾಸ್ತರರು ಕಾಯಿಯನ್ನು ತಾವೇ ಕಂಕುಳಲ್ಲಿ ಹಿಡಿದರು. “ಮಾಸ್ತರ, ಪ್ಲೀಸ್, ನೀವು ಮುಂದ ಹೋಗ್ರಿ. ನನ್ನ ಸಲುವಾಗಿ ನಿಮ್ಮ ಹೆಸರು ಹೋಗೂದು ಬ್ಯಾಡ” ಎಂದೆ. “ಉಡಿ ತುಂಬಿದ ಹೆಣ್ಮಗಳನ್ನ ಹಾದ್ಯಾಗ ಬಿಟ್ಟು ಹ್ವಾದ್ರ ಊರಾಗ ಮಾರಿ ಹೆಂಗ ತೋರಸ್ಲಿ? ಸುಮ್ನ ಬರ್ರಿ” ಎಂದರು.

ಎರಡೂವರೆ ಕಿಲೋಮೀಟರಿನ ಕಲ್ಲಿನ ಹತ್ತಿರ ನಿಂತಿದ್ದವರು ನಮ್ಮ ಮಣಿಕಟ್ಟಿಗೆ ರಿಬ್ಬನ್ ಕಟ್ಟಿ ತಿರುಗಿಸಿದರು. ಅಂದರೆ ಮತ್ತೆ ಆ ಮನೆಗಳ ಮುಂದೆಯೇ ಬರಬೇಕು. ದೂರದಿಂದಲೇ ನೋಡಿದ ಅಜ್ಜಿ ಕೊಡ ಕೆಳಗಿಟ್ಟು ರಸ್ತೆಯ ನಡುವೆ ನಿಂತಳು. “ಅಯ್ಯ ಶಿವನ! ಇಷ್ಟ ಲಗೂನ ಹೊಳ್ಳಿ ಬಂದ್ರಿ? ಗುಡ್ಡಕ್ಕ ಹೋಗಲಿಲ್ಲೇನು?”

“ಇಲ್ಲಬೇ, ನಾವು ಗುಡ್ಡಕ್ಕ ಹೊಂಟವರಲ್ಲ. ಇದು ಓಟದ ಸ್ಪರ್ಧಾ” ಎಂದರು ಮಾಸ್ತರರು.

“ಉಡಿ ತುಂಬಿಸಿಕೊಂಡು ಅರ್ಧಾ ಹಾದ್ಯಾಗ ತಿರುಗತಾರೇನಪಾ? ಮತ್ತ ಎಲ್ಲಿಗಿ ಹೊಂಟೀರಿ?”

“ಬೈಲಹೊಂಗಲಕ್ಕ.”

“ಬಂದದ್ದು ಎಲ್ಲಿಂದ?”

“ಬೈಲಹೊಂಗಲದಿಂದ.”

ಅಜ್ಜಿ ನಮ್ಮಿಬ್ಬರನ್ನೂ, ಹಿಂದಿನ ಅಂಬ್ಯುಲೆನ್ಸನ್ನೂ ನೋಡಿದಳು. “ಅಲ್ಲೇ ಹೋಗೂದಿದ್ರ ಇಲ್ಲೀತನಕ ಬಂದದ್ಯಾಕ?” ನಾಲ್ಕು ತಾಲೂಕುಗಳಲ್ಲಿ ದೈಹಿಕ ಶಿಕ್ಷಣ ಕಲಿಸಿದ ಮಾಸ್ತರರು ನನ್ನನ್ನು ನೋಡಿದರು, ಷೇಕ್ಸ್‌ಪಿಯರನನ್ನು ಬಾಯಿಪಾಠ ಮಾಡಿದ ನಾನು ಡ್ರೈವರನನ್ನು ನೋಡಿದೆ. ಕೊನೆಗೆ ಡ್ರೈವರನೇ ಕಿಟಕಿಯಿಂದ, “ಆಯೀ, ಡಾಕ್ಟರು ಹೇಳ್ಯಾರಂತ, ಶುಗರಿಗೆ” ಎಂದ. “ಹಂಗಂದ್ರ ಹೋಗ್ರಿ, ಹೋಗ್ರಿ, ಲಗೂ ಹೋಗ್ರಿ” ಎಂದು ಅಜ್ಜಿ ತಕ್ಷಣ ದಾರಿ ಬಿಟ್ಟಳು. ಯಲ್ಲಮ್ಮನಷ್ಟೇ ಶುಗರನ್ನೂ ಗೌರವಿಸುವ ಕಾಲ ಇದು.

ಡ್ರೈವರ್ ತಾನಾಗಿ ಟೈಮ್ ಕೂಗುತ್ತ ಬಂದ. ಇನ್ನು ಹದಿನೈದು ನಿಮಿಷ. ಇನ್ನು ಹತ್ತು. ಮಾಸ್ತರರ ಎಡಗಾಲು ಈಗ ಹೊರಗಷ್ಟೇ ಅಲ್ಲ, ನೆಲಕ್ಕೆ ಎಳೆದುಕೊಂಡು ಬರುತ್ತಿತ್ತು. ಆದರೂ ಬೆನ್ನು ಬಾಗಲಿಲ್ಲ. ಮೂಗಿನಿಂದ ತಗೋರಿ, ಬಾಯಿಂದ ಬಿಡ್ರಿ ಎಂದು ಅವರು ಹೇಳುತ್ತಿದ್ದುದು ನನಗೋ, ತಮ್ಮ ಮೊಣಕಾಲಿಗೋ ತಿಳಿಯಲಿಲ್ಲ. ನಾನು ನಡೆದರೆ ಅವರೂ ನಡೆಯುತ್ತಿದ್ದರು, ನನಗೆ ಅದು ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಹಾಗಾಗಿ ನಾನು ನಡೆಯುವಂತಿರಲಿಲ್ಲ. ಬದುಕಿನಲ್ಲಿ ಮೊದಲ ಸಲ, ಐ ರಿಯಲಿ ರ್‍ಯಾನ್. ಮುಖ ಸೊಟ್ಟಗಾಗಿ, ಕೂದಲು ಬಿಚ್ಚಿ, ಬಾಯಿ ತೆರೆದು, ಲೇಡಿ ಎನ್ನಲು ಯಾವ ಗುರುತೂ ಉಳಿಯದಂತೆ ಓಡಿದೆ.

ಕಮಾನು ಕಂಡಿತು. ಜನ ಕೇಕೆ ಹಾಕುತ್ತಿದ್ದರು. ಗೆರೆಯ ಹತ್ತಿರ ಗಡಿಯಾರ ಹಿಡಿದು ನಿಂತಿದ್ದ ಸಂಘಟಕನೂ ಮಾಸ್ತರರ ಹಳೆಯ ವಿದ್ಯಾರ್ಥಿಯೇ. ಕೊನೆಯ ಐವತ್ತು ಹೆಜ್ಜೆ ಇರುವಾಗ ಮಾಸ್ತರರಿಗೆ ಎಲ್ಲಿಂದ ಬಂತೋ ಶಕ್ತಿ, ನನ್ನನ್ನು ಬಿಟ್ಟು ಮುಂದೆ ಹೋದರು. ಸದ್ಯ, ಹೆಸರು ಬಂತು ಎಂದುಕೊಂಡೆ. ಮಾಸ್ತರರು ಗೆರೆಯ ತನಕ ಹೋಗಿ, ಒಂದು ಹೆಜ್ಜೆ ಈಚೆಗೇ ನಿಂತರು. ನಿಂತು, ಪಕ್ಕಕ್ಕೆ ಸರಿದು, ಕಾಯಿಯನ್ನು ಎಡಗೈಗೆ ಬದಲಿಸಿ, ಬಲಗೈ ಬೀಸಿ ನನ್ನನ್ನು ಕರೆಯತೊಡಗಿದರು: “ಬರ್ರಿ ಬಾಯಾರ! ಗೆರಿ ದಾಟೂತನಕ ನಿಂದರಬ್ಯಾಡ್ರಿ! ಹಾಂ, ಹಂಗ! ಶಾಬಾಸ್!” ನಾನು ದಾಟಿದೆ. ಅವರು ನನ್ನತ್ತ ನೋಡಲೂ ಇಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು.

“ಸರ್, ನೀವು ದಾಟ್ರಿ!” ಎಂದು ಸಂಘಟಕ ಕೂಗಿದ.

“ತಡಿಯೋ, ಹಿಂದ ಇನ್ನ ಯಾರರ ಉಳದಾರೇನ ನೋಡತೇನಿ.”

“ಹಿಂದ ಯಾರೂ ಇಲ್ರಿ ಸರ್! ನೀವಽ ಕಡೀದವ್ರು! ಅರ್ಧಾ ನಿಮಿಷ ಐತ್ರಿ!”

ಅವರಿಗೆ ಅದು ತಲೆಗೆ ಹೋಗಲೇ ಇಲ್ಲ. ಮೂವತ್ತನಾಲ್ಕು ವರ್ಷ ಕೊನೆಯ ಮಗು ಬರುವ ತನಕ ಗೆರೆಯ ಬದಿಗೆ ನಿಂತ ಕಾಲುಗಳು, ಗೆರೆ ಕಂಡೊಡನೆ ತಮ್ಮ ಜಾಗ ಹುಡುಕಿಕೊಂಡಿದ್ದವು. ನಾನು ಟೀ ಶರ್ಟಿನಿಂದ ಎರಡೂ ಕೈ ಬಿಟ್ಟೆ. ಹಿಂತಿರುಗಿ ಹೋಗಿ ಅವರ ಮಣಿಕಟ್ಟು ಹಿಡಿದು, ಕಟ್ಟು ಹರಿದ ಎತ್ತನ್ನು ಎಳೆಯುವ ಹಾಗೆ ಎಳೆದೆ. ಉಡಿಯ ಅಕ್ಕಿಯೆಲ್ಲ ಗೆರೆಯ ಮೇಲೆ ಚೆಲ್ಲಿತು. ಉತ್ತತ್ತಿ ಉರುಳಿದವು. ಕುಂಕುಮ ಹಚ್ಚಿದ ಮುದುಕಿ ಕಾಯಿ ಹಿಡಿದ ಮುದುಕರನ್ನು ಕೈ ಹಿಡಿದು ಅಕ್ಕಿಯ ಮೇಲೆ ನಡೆಸಿಕೊಂಡು ಬರುವುದನ್ನು ಇಡೀ ಬೈಲಹೊಂಗಲ ನೋಡಿತು, ಅರ್ಧ ಬೈಲಹೊಂಗಲ ವಿಡಿಯೋ ಮಾಡಿತು. ಗಡಿಯಾರದವನು ಕೈ ಎತ್ತಿ, “ಒಳಗ! ಒಳಗ! ಸರ್ ಒಳಗ!” ಎಂದು ಕುಣಿದ.

ಚಪ್ಪಾಳೆಯ ನಡುವೆ ಜನರನ್ನು ಸರಿಸಿಕೊಂಡು ಒಬ್ಬ ಹೆಣ್ಣುಮಗಳು ಬಂದರು. ನೀಲವ್ವ, ಮಾಸ್ತರರ ಹೆಂಡತಿ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅವರು ಗಂಡನ ಕಂಕುಳನ್ನು ನೋಡಿ, “ಮನ್ಯಾಗ ಒಂದ ಚರಗಿ ನೀರು ಎತ್ತಂಗಿಲ್ಲ, ಇಲ್ಲಿ ಕಾಯಿ ಹೊತಗೊಂಡು ಓಡಾಕ ಹತ್ತೀರಿ?” ಎಂದರು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ತಪ್ಪು ತಿಳಿದದ್ದು, ನಾನು ತಿದ್ದದೆ ಇದ್ದದ್ದು, ಎಲ್ಲ. “ಅಕ್ಕಾರ, ಐ ಆ್ಯಮ್ ಸೋ ಸಾರಿ. ಇದು ನಿಮ್ಮ ಉಡೀರಿ. ನನಗ ಸಲ್ಲೂದಲ್ಲ” ಎಂದು ಕೆಳಗೆ ಬಿದ್ದಿದ್ದ ಖಣ ಎತ್ತಿ ಅವರ ಕೈಗೆ ಕೊಟ್ಟು, ಹಣೆ ಒರೆಸಿಕೊಳ್ಳಲು ಕೈ ಎತ್ತಿದೆ. ನೀಲವ್ವ ನನ್ನ ಕೈಯನ್ನು ಅಲ್ಲೇ ಹಿಡಿದರು. “ಇಷ್ಟ ದೂರ ಹೊತಗೊಂಡು ಓಡಿದಾಕಿ ನೀವು. ನಾ ಇಲ್ಲಿ ಕುರ್ಚಿ ಮ್ಯಾಲ ಕುಂತಿದ್ದೆ. ನನಗ್ಯಾಕ್ರಿ ಉಡಿ? ಅಂಗಿ ಒಡ್ಡ್ರಿ.” ಬಗ್ಗಿ ಉತ್ತತ್ತಿಗಳನ್ನು ಒಂದೊಂದಾಗಿ ಆರಿಸಿ, ಗಂಡನ ಕೈಯಿಂದ ಕಾಯಿ ಕಿತ್ತುಕೊಂಡು, ಖಣ ಸಮೇತ ನನ್ನ ಟೀ ಶರ್ಟಿಗೆ ಮತ್ತೆ ತುಂಬಿದರು. ಅಷ್ಟು ಜನರ ಎದುರಿಗೆ. ನಾನು ಅತ್ತೆನೇ ಎಂದು ಕೇಳಬೇಡಿ. ಬೆವರು ಬಹಳ ಇತ್ತು.

ಮರುದಿನ ನಮ್ಮೂರಿನ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ನಮ್ಮಿಬ್ಬರ ಫೋಟೋ, ಕೆಳಗೆ “ಆದರ್ಶ ದಂಪತಿ” ಎಂದು. ಅದನ್ನು ಮೊದಲು ಫಾರ್ವರ್ಡ್ ಮಾಡಿ ನಕ್ಕವರು ನೀಲವ್ವ. ಮಾಸ್ತರರ ಹೆಸರು ಬೋರ್ಡಿನಲ್ಲಿ ಕೊನೆಯದಾಗಿ ಬಂತು. ನನ್ನದು ಅದಕ್ಕಿಂತ ಒಂದು ಸಾಲು ಮೇಲೆ. ಆಪರೇಶನ್ ಆಯಿತು. ಆಮೇಲೆ ಅವರು ಕಾಲು ನೀಡಿಕೊಂಡು ಮನೆಯ ಮುಂದಿನ ಕುರ್ಚಿಯಲ್ಲಿ ಕೂಡ್ರತೊಡಗಿದರು. ನಾನು ದಿನಾ ಬೆಳಿಗ್ಗೆ ಆ ಮನೆಯ ಮುಂದಿನಿಂದಲೇ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ, ಮನೆಯಿಂದ ಅಲ್ಲಿಯವರೆಗೆ ನಡೆಯುತ್ತಿದ್ದೆ. ಅವರ ಮನೆ ಇನ್ನು ಇಪ್ಪತ್ತು ಹೆಜ್ಜೆ ಎನ್ನುವಾಗ ಓಡತೊಡಗಿ, “ಗುಡ್ ಮಾರ್ನಿಂಗ್ ಮಾಸ್ತರ!” ಎಂದು ಕೈ ಬೀಸಿ, ಓಣಿಯ ತಿರುವು ದಾಟಿದ ಮೇಲೆ ಮತ್ತೆ ನಡೆಯುತ್ತಿದ್ದೆ. ಅವರು ದಿನಾ “ಶಾಬಾಸ್” ಎನ್ನುತ್ತಿದ್ದರು. ಒಂದು ದಿನ ಮಾತ್ರ ಬೇರೆ ಏನೋ ಹೇಳಿದರು. “ನಾಳೆ ಮಗಳು ರಾಮದುರ್ಗಕ್ಕ ಕರಕೊಂಡು ಹೊಂಟಾಳ್ರಿ, ಇನ್ನ ಅಲ್ಲೇ ಇರೂದು. ಅದಕ್ಕ ಹೇಳೇಬಿಡತೇನಿ. ತಿರವು ದಾಟಿದ ಮ್ಯಾಲ ನೀವು ನಡೀತೀರಿ ಅಂತ ನನಗ ಮೊದಲ ದಿನಾನ ಗೊತ್ತೈತ್ರಿ ಬಾಯಾರ. ಕಾಲಿನ ಸಪ್ಪಳ ಕೇಳಸ್ತೇತಿ.”

ಕಿವಿ ಬಿಸಿಯಾಗಿ, ಆವತ್ತು ತಿರುವು ದಾಟಿದ ಮೇಲೂ ಓಡಿದೆ. ಬೇಕೆಂದೇ ಸಪ್ಪಳ ಮಾಡಿಕೊಂಡು ಓಡಿದೆ. ಬೇವಿನ ಮರದವರೆಗೆ ಹೋಗಿ ದಮ್ಮು ಹತ್ತಿತು. ಅಲ್ಲಿಂದ ಕಳ್ಳ ಹೆಜ್ಜೆಯಲ್ಲಿ ಹಿಂದಕ್ಕೆ ಬಂದು, ಮೂಲೆಯ ಗೋಡೆಗೆ ಆತುಕೊಂಡು, ಅವರು ನಂಬಿದರೋ ಇಲ್ಲವೋ ಎಂದು ಇಣುಕಿದೆ. ಒಳಗಿನಿಂದ ನೀಲವ್ವ “ಕುಂದರ್ರಿ, ಬಿದ್ದೀರಿ!” ಎಂದು ಕೂಗುತ್ತಿದ್ದರು. ಮಾಸ್ತರರು ಕುರ್ಚಿಯಿಂದ ಎದ್ದು, ಒಂದೇ ಕಾಲ ಮೇಲೆ ನಿಂತು, ಕಂಬ ಹಿಡಿದು, ಕುತ್ತಿಗೆ ಉದ್ದ ಮಾಡಿ ತಿರುವಿನತ್ತಲೇ ನೋಡುತ್ತಿದ್ದರು, ನಾನು ಓಡುತ್ತಿದ್ದೇನೋ ನಡೆಯುತ್ತಿದ್ದೇನೋ ಎಂದು. ನಾನು ನಿಂತಿದ್ದೆ.